ಕರೆಂಟಿಲ್ಲದ ಟ್ರೆಡ್‌ಮಿಲ್: ಕೊಳ್ಳುವ ಮುನ್ನ

ಮಳೆ ಹಿಡಿಯಿತೆಂದರೆ ನಮ್ಮ ಮಲೆನಾಡಿನಲ್ಲಿ ಬೆಳಗಿನ ನಡಿಗೆ ನಿಂತುಹೋಗುತ್ತದೆ. ತೀರ್ಥಹಳ್ಳಿಯಿರಲಿ, ಹೊಸನಗರವಿರಲಿ, ಕೊಪ್ಪ–ಶೃಂಗೇರಿಯ ಕಡೆಯಿರಲಿ, ಜೂನ್ ಎರಡನೆಯ ವಾರದಿಂದ ಸೆಪ್ಟೆಂಬರ್ ಮುಗಿಯುವ ತನಕ ರಸ್ತೆಗಿಳಿದರೆ ಕೈಯಲ್ಲಿ ಕೊಡೆ, ಕಾಲಿಗೆ ಇಂಬಳ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರುವ ಭಯ. ವಯಸ್ಸಾದವರು ಹೊರಗೆ ಕಾಲಿಡುವುದನ್ನೇ ಬಿಡುತ್ತಾರೆ. ನಾನು ಫಿಸಿಯೋಥೆರಪಿ ಮಾಡುವವಳು. ಬೇಸಿಗೆಯಲ್ಲಿ ಸಕ್ಕರೆ, ಬಿ.ಪಿ. ಎರಡೂ ಹಿಡಿತದಲ್ಲಿವೆ ಎಂದು ಖುಷಿಯಿಂದ ಹೇಳಿಹೋದವರು ದೀಪಾವಳಿಯ ಹೊತ್ತಿಗೆ ಮಂಡಿ ಬಿಗಿದುಕೊಂಡು, ತೂಕ ಏರಿಸಿಕೊಂಡು ಬರುವುದನ್ನು ವರ್ಷವರ್ಷವೂ ನೋಡುತ್ತೇನೆ. ವಿಚಾರಿಸಿದರೆ ಮಾತ್ರೆ ಬದಲಾಗಿರುವುದಿಲ್ಲ, ಊಟವೂ ಬದಲಾಗಿರುವುದಿಲ್ಲ. ನಡಿಗೆ ನಿಂತಿರುತ್ತದೆ, ಅಷ್ಟೇ.

ಇಂಥ ಮನೆಗಳಲ್ಲಿ ಈಗ ಟ್ರೆಡ್‌ಮಿಲ್ ಕೊಳ್ಳುವ ಮಾತು ನಡೆಯುತ್ತಿದೆ. ಬೆಂಗಳೂರಿನಲ್ಲಿರುವ ಮಗನೋ ಮಗಳೋ ಫೋನಿನಲ್ಲಿ, "ಅಮ್ಮಾ, ಒಂದು ಟ್ರೆಡ್‌ಮಿಲ್ ಕಳಿಸ್ತೀನಿ" ಎನ್ನುತ್ತಾರೆ. ಕರೆಂಟಿನದೋ, ಕರೆಂಟಿಲ್ಲದ್ದೋ ಎಂಬ ಪ್ರಶ್ನೆ ಆಗ ನನ್ನ ಬಳಿ ಬರುತ್ತದೆ. ಗಾಳಿಗೆ ಮರ ಬಿದ್ದು ಲೈನು ಹರಿದರೆ ನಮ್ಮಲ್ಲಿ ಎರಡು ಮೂರು ದಿನ ಕರೆಂಟು ಬರುವುದಿಲ್ಲ. ಬಂದರೂ ವೋಲ್ಟೇಜು ನಿಲ್ಲುವುದಿಲ್ಲ. ಎರಡು ಹಾರ್ಸ್‌ಪವರ್ ಮೋಟಾರಿರುವ ಯಂತ್ರಕ್ಕೆ ಹೆಚ್ಚೂಕಮ್ಮಿ ಒಂದೂವರೆ ಕಿಲೋವ್ಯಾಟ್ ಬೇಕು. ಮನೆಯ ಸಣ್ಣ ಯುಪಿಎಸ್ ಅದನ್ನು ಎಳೆಯಲಾರದು. ನಡಿಗೆ ನಿಲ್ಲುವುದು ಮಳೆಗಾಲದಲ್ಲಿ, ಕರೆಂಟು ಕೈಕೊಡುವುದೂ ಮಳೆಗಾಲದಲ್ಲಿ. ಹಾಗಾಗಿ ಕಾಲಿನ ಬಲದಿಂದಲೇ ತಿರುಗುವ ಮ್ಯಾನ್ಯುವಲ್ ಟ್ರೆಡ್‌ಮಿಲ್ ಕಡೆ ಜನರ ಕಣ್ಣು ಹೋಗುವುದು ಸಹಜ. ಬೆಲೆಯೂ ಕಡಿಮೆ. ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಸಾವಿರದೊಳಗೆ ಸಿಗುತ್ತದೆ.

ಆದರೆ ಅಂಗಡಿಯವರು ಸಾಮಾನ್ಯವಾಗಿ ಹೇಳದ ಒಂದು ವಿಷಯವಿದೆ. ಅದನ್ನು ಹೇಳಬೇಕೆಂದೇ ಈ ಭಾಷಣಕ್ಕೆ ಒಪ್ಪಿದೆ. ಕರೆಂಟಿಲ್ಲದ ಟ್ರೆಡ್‌ಮಿಲ್ ಎಂದರೆ ಕರೆಂಟಿನ ಟ್ರೆಡ್‌ಮಿಲ್‌ನಿಂದ ಮೋಟಾರು ಕಿತ್ತ ಅಗ್ಗದ ಮಾಲಲ್ಲ. ಅದು ಬೇರೆಯೇ ಯಂತ್ರ, ದೇಹದಿಂದ ಬೇರೆಯೇ ಕೆಲಸ ತೆಗೆಯುತ್ತದೆ. ಕೆಲವರಿಗೆ ಅದು ಬಹಳ ಒಳ್ಳೆಯದು, ಕೆಲವರಿಗೆ ಅಪಾಯ. ದುಡ್ಡಿನ ಲೆಕ್ಕ ಹಾಕುವುದಕ್ಕೆ ಮೊದಲು ದೇಹದ ಲೆಕ್ಕ ಹಾಕಬೇಕು.

ಹೇಗೆಂದು ನೋಡೋಣ. ಕರೆಂಟಿನ ಯಂತ್ರದಲ್ಲಿ ಮೋಟಾರು ಬೆಲ್ಟನ್ನು ಹಿಂದಕ್ಕೆ ಎಳೆಯುತ್ತದೆ. ನೀವು ಅದರ ವೇಗಕ್ಕೆ ಸರಿಯಾಗಿ ಕಾಲು ಹಾಕುತ್ತೀರಿ. ಇಲ್ಲಿ ಎಳೆಯುವವರು ಯಾರೂ ಇಲ್ಲ. ನೀವು ಹೆಜ್ಜೆ ಊರಿ ಹಿಂದಕ್ಕೆ ತಳ್ಳಿದರೆ ಬೆಲ್ಟು ಸರಿಯುತ್ತದೆ, ತಳ್ಳದಿದ್ದರೆ ನಿಲ್ಲುತ್ತದೆ. ಬೆಲ್ಟಿನ ಮೇಲೆ ನಮ್ಮ ತೂಕ ಬಿದ್ದಾಗ ಅದು ಕೆಳಗಿನ ಹಲಗೆಗೆ ಒತ್ತಿಕೊಳ್ಳುತ್ತದೆ, ಘರ್ಷಣೆ ಹೆಚ್ಚುತ್ತದೆ. ಹಲಗೆ ಸಮತಟ್ಟಾಗಿದ್ದರೆ ಬರೀ ಕಾಲಿನಿಂದ ಬೆಲ್ಟು ಜರುಗಿಸುವುದು ಬಲು ಕಷ್ಟ. ಅದಕ್ಕಾಗಿ ತಯಾರಕರು ಹಲಗೆಯ ಮುಂಭಾಗವನ್ನು ಎತ್ತರಿಸಿ, ಹಿಂಭಾಗವನ್ನು ತಗ್ಗಿಸಿರುತ್ತಾರೆ. ಆಗ ನಮ್ಮ ದೇಹದ ತೂಕದ ಒಂದು ಪಾಲು ಇಳಿಜಾರಿನ ಗುಂಟ ಕೆಳಮುಖವಾಗಿ ಕೆಲಸ ಮಾಡಿ ಬೆಲ್ಟನ್ನು ಹಿಂದಕ್ಕೆ ಸರಿಸುತ್ತದೆ. 60 ಕಿಲೋ ತೂಕದವರು 10 ಡಿಗ್ರಿ ಓರೆಯ ಹಲಗೆಯ ಮೇಲೆ ನಿಂತರೆ ಹತ್ತೂವರೆ ಕಿಲೋ ಭಾರದಷ್ಟು ಬಲ ಹೀಗೆ ಬೆಲ್ಟಿನ ಮೇಲೆ ಬೀಳುತ್ತದೆ. ಘರ್ಷಣೆ ಇದಕ್ಕಿಂತ ಕಡಿಮೆಯಿದ್ದರೆ ಬೆಲ್ಟು ಸರಾಗವಾಗಿ ಓಡುತ್ತದೆ. ಹೆಚ್ಚಿದ್ದರೆ, ನಡೆಯುವವರು ಮುಂದಿನ ಹಿಡಿಯನ್ನು ಬಿಗಿಯಾಗಿ ಹಿಡಿದು, ತೋಳಿನ ಬಲವನ್ನೂ ಕೂಡಿಸಿ ನೂಕಬೇಕಾಗುತ್ತದೆ.

ಅಂದರೆ ಈ ಯಂತ್ರದ ಮೇಲೆ ನೀವು ನಡೆಯುತ್ತಿರುವುದಿಲ್ಲ, ಹತ್ತುತ್ತಿರುತ್ತೀರಿ. ಅಡಿಕೆ ತೋಟದಿಂದ ದರೆ ಹತ್ತಿ ಮನೆಯಂಗಳಕ್ಕೆ ಬರುವ ದಾರಿಯನ್ನು ನೆನೆದುಕೊಳ್ಳಿ. ಆ ದಾರಿ ಮುಗಿಯದೆ ಮುಂದುವರಿದರೆ ಹೇಗೋ ಹಾಗೆ.

ಎಷ್ಟು ಹತ್ತುತ್ತೀರಿ ಎಂಬುದನ್ನು ಅಂಗಡಿಯಲ್ಲೇ ಅಳೆಯಬಹುದು. ಒಂದು ಟೇಪು ಒಯ್ಯಿರಿ. ಹಲಗೆಯ ಮುಂತುದಿ ನೆಲದಿಂದ ಎಷ್ಟು ಎತ್ತರವಿದೆ, ಹಿಂತುದಿ ಎಷ್ಟು ಎತ್ತರವಿದೆ ಎಂದು ನೋಡಿ, ಎರಡರ ವ್ಯತ್ಯಾಸವನ್ನು ಹಲಗೆಯ ಉದ್ದಕ್ಕೆ ಹೋಲಿಸಿ. ಉದ್ದ 100 ಸೆಂಟಿಮೀಟರ್, ವ್ಯತ್ಯಾಸ 10 ಸೆಂಟಿಮೀಟರ್ ಆದರೆ ಏರು ಶೇಕಡಾ 10. ವ್ಯತ್ಯಾಸ 15 ಆದರೆ ಶೇಕಡಾ 15. ನೋಡುವುದಕ್ಕೆ ಬರೀ ಐದು ಸೆಂಟಿಮೀಟರ್, ಎದೆಗೆ ಅದು ದೊಡ್ಡ ವ್ಯತ್ಯಾಸ. ಅಮೆರಿಕದ ಕ್ರೀಡಾ ವೈದ್ಯಕೀಯ ಕಾಲೇಜು ನಡಿಗೆಗೆ ಬೇಕಾಗುವ ಆಮ್ಲಜನಕವನ್ನು ಅಂದಾಜು ಮಾಡಲು ಒಂದು ಸೂತ್ರ ಕೊಟ್ಟಿದೆ. ನಮ್ಮ ವೃತ್ತಿಯವರು ದಿನವೂ ಬಳಸುವ ಸೂತ್ರ ಅದು. ಅದರ ಪ್ರಕಾರ ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ, ಅಂದರೆ ಆರಾಮವಾಗಿ, ಶೇಕಡಾ 10ರ ಏರಿನಲ್ಲಿ ನಡೆದರೆ ಅದೇ ವೇಗದ ಸಮತಟ್ಟು ನಡಿಗೆಗಿಂತ ಎರಡು ಪಟ್ಟು ಆಮ್ಲಜನಕ ಬೇಕು. ಏರು ಶೇಕಡಾ 15 ಆದರೆ ಎರಡೂವರೆ ಪಟ್ಟು ದಾಟುತ್ತದೆ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಸಮತಟ್ಟು ರಸ್ತೆಯಲ್ಲಿ ಗಂಟೆಗೆ 5 ಕಿಲೋಮೀಟರ್ ಬಿರುಸಾಗಿ ನಡೆಯುವುದಕ್ಕಿಂತ ಈ ಶೇಕಡಾ 10ರ ಏರಿನ ನಿಧಾನ ನಡಿಗೆಯೇ ಒಂದೂವರೆ ಪಟ್ಟು ಹೆಚ್ಚು ಕೆಲಸ. "ದಿನಾ ಒಂದು ಗಂಟೆ ವಾಕಿಂಗ್ ಮಾಡ್ತಿದ್ದೆ, ಇದರ ಮೇಲೆ ಐದು ನಿಮಿಷಕ್ಕೇ ಏದುಸಿರು ಬರುತ್ತೆ" ಎಂದು ದೂರುವವರಿಗೆ ನಾನು ಈ ಲೆಕ್ಕ ತೋರಿಸುತ್ತೇನೆ. ಅವರಲ್ಲೇನೂ ಕೊರತೆಯಿಲ್ಲ, ಯಂತ್ರದಲ್ಲೂ ದೋಷವಿಲ್ಲ.

ನಿಮ್ಮಲ್ಲಿ ಹಲವರು ಆಸ್ಪತ್ರೆಯಲ್ಲಿ ಟಿ.ಎಂ.ಟಿ. ಮಾಡಿಸಿಕೊಂಡಿರುತ್ತೀರಿ. ಎದೆಗೆ ವೈರು ಅಂಟಿಸಿ, ಓಡುವ ಬೆಲ್ಟಿನ ಮೇಲೆ ನಡೆಸಿ, ಇಸಿಜಿ ನೋಡುವ ಪರೀಕ್ಷೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಹೃದ್ರೋಗ ತಜ್ಞ ರಾಬರ್ಟ್ ಬ್ರೂಸ್ ಅವರು ಇದಕ್ಕೊಂದು ಕ್ರಮ ಹಾಕಿಕೊಟ್ಟರು; ಎಂಜಿನಿಯರ್ ವೇಯ್ನ್ ಕ್ವಿಂಟನ್ ಯಂತ್ರ ಕಟ್ಟಿಕೊಟ್ಟರು. 1950ರ ದಶಕದ ಆರಂಭದಲ್ಲಿ ಶುರುವಾದ ಆ ಕೆಲಸದ ಫಲವನ್ನು ಇಂದಿಗೂ ನಮ್ಮ ಜಿಲ್ಲಾ ಕೇಂದ್ರದ ಆಸ್ಪತ್ರೆಗಳಲ್ಲಿ ಕಾಣುತ್ತೇವೆ. ಬ್ರೂಸ್ ಕ್ರಮದ ಮೊದಲ ಹಂತವೆಂದರೆ ಗಂಟೆಗೆ 2.7 ಕಿಲೋಮೀಟರ್ ವೇಗ, ಶೇಕಡಾ 10ರ ಏರು, ಮೂರು ನಿಮಿಷ. ಎರಡನೆಯ ಹಂತದಲ್ಲಿ 4 ಕಿಲೋಮೀಟರ್, ಶೇಕಡಾ 12. ಮೂರನೆಯದರಲ್ಲಿ ಐದೂವರೆ ಕಿಲೋಮೀಟರ್, ಶೇಕಡಾ 14. ಈಗ ನಿಮ್ಮ ಮನೆಯ ಜಗಲಿಯಲ್ಲಿ ಶೇಕಡಾ 14–15ರ ಏರು ಇರುವ ಮ್ಯಾನ್ಯುವಲ್ ಟ್ರೆಡ್‌ಮಿಲ್ ಕೂತಿದೆ ಎಂದುಕೊಳ್ಳಿ. ಅದರ ಏರನ್ನು ಇಳಿಸಲು ಬರುವುದಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಎದುರಿಗೆ ನಿಂತು, ಹಂತಹಂತವಾಗಿ ಏರಿಸಿ ಮೂರನೆಯ ಹಂತದಲ್ಲಿ ಕೊಡುವ ಏರು ನಿಮಗೆ ಮೊದಲ ಹೆಜ್ಜೆಯಲ್ಲೇ ಸಿಗುತ್ತದೆ. ನಿಧಾನ ಮಾಡುವ ಸ್ವಾತಂತ್ರ್ಯ ನಿಮ್ಮ ಕಾಲಿಗೆ ಇದೆ, ನಿಜ; ಆದರೆ ಬೆಲ್ಟು ಬಿಗಿಯಾಗಿದ್ದರೆ ನಿಧಾನ ಮಾಡಿದಷ್ಟೂ ಅದು ತಡೆತಡೆದು ನಿಲ್ಲುತ್ತದೆ. ಆಗ ಜನ ಏನು ಮಾಡುತ್ತಾರೆ? ಉಸಿರು ಹಿಡಿದು, ಹಿಡಿಯನ್ನು ಅಮುಕಿ, ಜೋರಾಗಿ ತಳ್ಳುತ್ತಾರೆ. ಉಸಿರು ಹಿಡಿದು ಅಮುಕುವುದು ರಕ್ತದೊತ್ತಡ ಏರಿಸುತ್ತದೆ.

ಹೀಗಾಗಿ ಕೆಲವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ಎದೆನೋವು ಬಂದವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಬಿ.ಪಿ. ಹತೋಟಿಗೆ ಬಾರದವರು ತಮ್ಮ ವೈದ್ಯರನ್ನು ಕೇಳದೆ ಕೊಳ್ಳಲೇಬಾರದು. ತಲೆಸುತ್ತು ಇರುವವರು, ನಿಂತಲ್ಲೇ ವಾಲುವವರು ಇವರಿಗೂ ಬೇಡ. ಹಿಮ್ಮಡಿ ನೋವು ಇರುವವರಿಗೆ, ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಚುಚ್ಚಿದಂತಾಗುವವರಿಗೆ, ಏರು ನಡಿಗೆ ಆ ನೋವನ್ನು ಕೆರಳಿಸುತ್ತದೆ. ಏರಿನಲ್ಲಿ ಮೀನಖಂಡ ಮತ್ತು ಅದರ ಕೆಳಗಿನ ಸ್ನಾಯುರಜ್ಜು ಪ್ರತಿ ಹೆಜ್ಜೆಗೂ ಎಳೆದುಕೊಳ್ಳುತ್ತವೆ. ಮಂಡಿ ಸವೆದವರ ವಿಷಯದಲ್ಲಿ ಒಂದೇ ಮಾತು ಹೇಳಲಾಗದು. ಕೆಲವರಿಗೆ ಏರು ನಡಿಗೆ ಸಮತಟ್ಟಿಗಿಂತ ಹಿತವೆನಿಸುತ್ತದೆ, ಕೆಲವರಿಗೆ ಮಂಡಿಚಿಪ್ಪಿನ ಹಿಂದೆ ನೋವು ಶುರುವಾಗುತ್ತದೆ. ಯಂತ್ರದ ಮೇಲೆ ಹತ್ತು ನಿಮಿಷ ನಡೆದು, ಮರುದಿನ ಮಂಡಿ ಹೇಗಿದೆ ನೋಡಿ ತೀರ್ಮಾನಿಸಬೇಕು. ಇಂಥವರಿಗೆಲ್ಲ ಮಳೆಗಾಲದಲ್ಲಿ ಬೇರೆ ದಾರಿಯಿಲ್ಲವೇ? ಇದೆ. ಮಲೆನಾಡಿನ ಮನೆಗಳ ಉದ್ದನೆಯ ಜಗಲಿ ಇದೆ, ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಚಾವಣಿ ಹಾಕಿದ ಅಂಗಳವಿದೆ. ಅಲ್ಲಿ ಈ ತುದಿಯಿಂದ ಆ ತುದಿಗೆ ನಡೆದರೆ ಸಾಕು, ಒಂದು ರೂಪಾಯಿ ಖರ್ಚಿಲ್ಲ. ಜಾಗವಿರುವವರಿಗೆ ನನ್ನ ಮೊದಲ ಸಲಹೆ ಯಾವಾಗಲೂ ಇದೇ.

ಇನ್ನು ಯಂತ್ರ ಯಾರಿಗೆ ಒಳ್ಳೆಯದು? ಹೃದಯ ಗಟ್ಟಿಯಿದ್ದು, ಕಡಿಮೆ ಹೊತ್ತಿನಲ್ಲಿ ಹೆಚ್ಚು ವ್ಯಾಯಾಮ ಬೇಕೆನ್ನುವವರಿಗೆ. ಪೇಟೆಯ ಬಾಡಿಗೆ ಮನೆಯಲ್ಲಿ ಜಗಲಿಯೂ ಅಂಗಳವೂ ಇಲ್ಲದವರಿಗೆ. ಮುಖ್ಯವಾಗಿ, ಮನೆ ಬಿಟ್ಟು ಹೊರಡಲು ಹೊತ್ತೇ ಸಿಗದ ಹೆಣ್ಣುಮಕ್ಕಳಿಗೆ. ನಮ್ಮ ದೇಶದ ವಯಸ್ಕರಲ್ಲಿ ಅರ್ಧದಷ್ಟು ಮಂದಿ ಸಾಕಷ್ಟು ದೈಹಿಕ ಚಟುವಟಿಕೆ ಮಾಡುತ್ತಿಲ್ಲವೆಂದು 2024ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯ ಪತ್ರಿಕೆಯೊಂದು ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಗಂಡಸರಲ್ಲಿ ಶೇಕಡಾ 42, ಹೆಂಗಸರಲ್ಲಿ ಶೇಕಡಾ 57. ಈ ಹದಿನೈದರ ಅಂತರ ಹೇಗೆ ಬಂತು ಎಂದು ನಾನು ಯಾರನ್ನೂ ಕೇಳಬೇಕಾಗಿಲ್ಲ. ಬೆಳಿಗ್ಗೆ ಆರಕ್ಕೆ ಗಂಡಸರು ವಾಕಿಂಗ್ ಶೂ ಕಟ್ಟುವ ಹೊತ್ತಿಗೆ ಅಡುಗೆಮನೆಯಲ್ಲಿ ಒಲೆ ಹೊತ್ತಿರುತ್ತದೆ, ಮಕ್ಕಳ ಡಬ್ಬಿ ಕಾಯುತ್ತಿರುತ್ತದೆ. ಸಂಜೆ ಒಬ್ಬಳೇ ಹೊರಟರೆ ಕತ್ತಲು, ಬೀದಿನಾಯಿ. ಮನೆಯೊಳಗಿನ ಯಂತ್ರಕ್ಕೆ ಜೊತೆಗಾರರು ಬೇಡ, ಹೊತ್ತುಗೊತ್ತು ಬೇಡ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಬೇಕೆಂದು 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆ ಸಲಹೆಯಲ್ಲೇ ಇನ್ನೊಂದು ಒಳ್ಳೆಯ ಬದಲಾವಣೆಯೂ ಆಯಿತು: ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಮಾಡಬೇಕೆಂಬ ಹಳೆಯ ನಿಯಮವನ್ನು ಕೈಬಿಟ್ಟರು. ಬೇಳೆ ಬೇಯುವಷ್ಟು ಹೊತ್ತು ನಡೆದದ್ದೂ ಲೆಕ್ಕಕ್ಕೆ ಬರುತ್ತದೆ. ಸಕ್ಕರೆ ಕಾಯಿಲೆಯವರು ರಾತ್ರಿ ಊಟವಾದ ಸ್ವಲ್ಪ ಹೊತ್ತಿಗೆ ಹತ್ತು ನಿಮಿಷ ನಿಧಾನವಾಗಿ ಕಾಲಾಡಿಸಿದರೆ ಊಟದ ನಂತರ ಏರುವ ಸಕ್ಕರೆ ತಗ್ಗುತ್ತದೆ.

ಅಂಗಡಿಗೆ ಹೋಗೋಣ ಬನ್ನಿ. ಆನ್‌ಲೈನಿನಲ್ಲಿ ಚಿತ್ರ ನೋಡಿ ತರಿಸುವುದು ಈ ಒಂದು ವಸ್ತುವಿನ ವಿಷಯದಲ್ಲಿ ಬೇಡ. ಮಿಕ್ಸಿ ಯಾರು ಚಾಲೂ ಮಾಡಿದರೂ ಒಂದೇ ಥರ ತಿರುಗುತ್ತದೆ. ಇದು ಹಾಗಲ್ಲ, ನಿಮ್ಮ ತೂಕಕ್ಕೆ, ನಿಮ್ಮ ಹೆಜ್ಜೆಗೆ ಹೊಂದಬೇಕು. ಕಳೆದ ವರ್ಷ ಶಿವಮೊಗ್ಗದ ದುರ್ಗಿಗುಡಿಯ ಒಂದು ಅಂಗಡಿಗೆ ಪರಿಚಯದ ಅಕ್ಕನೊಬ್ಬರ ಜೊತೆ ಹೋಗಿದ್ದೆ. ಅಂಗಡಿಯ ಹುಡುಗ ಬೆಲ್ಟಿನ ಮೇಲೆ ತಾನೇ ಹತ್ತಿ ಸರಸರನೆ ನಡೆದು ತೋರಿಸಿದ. ಅವನು 80 ಕಿಲೋ ಮೀರಿದ ಗಟ್ಟಿ ಹುಡುಗ, ಬೆಲ್ಟು ಗಾಳಿಯ ಹಾಗೆ ಓಡಿತು. ಅಕ್ಕ ಹತ್ತಿದರು. ಅವರು 48 ಕಿಲೋ. ಬೆಲ್ಟು ಅಲ್ಲಾಡಲಿಲ್ಲ. "ಹಿಡಿ ಹಿಡ್ಕೊಂಡು ನೂಕಿ ಆಂಟಿ" ಎಂದ ಹುಡುಗ. ನೂಕಿದರು. ನಡೆಯಿತು. ಎರಡು ನಿಮಿಷ ಆದ ಮೇಲೆ ನಾನು, "ಅಕ್ಕಾ, ಈಗ ಕೈ ಸಡಿಲ ಮಾಡಿ, ಬರೀ ಬೆರಳು ಇಟ್ಕೊಳ್ಳಿ" ಎಂದೆ. ಕೈ ಸಡಿಲಿಸಿದ ಕೂಡಲೇ ಬೆಲ್ಟು ಒಂದು ಹೆಜ್ಜೆಗೆ ಓಡಿ, ಮುಂದಿನ ಹೆಜ್ಜೆಗೆ ಕಚ್ಚಿ ನಿಂತಿತು. ಪಕ್ಕದಲ್ಲೇ ಇದ್ದ ಇನ್ನೊಂದು ಯಂತ್ರದ ಮೇಲೆ ಅದೇ ಪರೀಕ್ಷೆ ಮಾಡಿದೆವು. ಅದರಲ್ಲಿ ಬೆರಳು ಇಟ್ಟುಕೊಂಡೇ ಅವರು ಮಾತಾಡುತ್ತಾ ನಡೆದರು. ಬೆಲೆಯಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ನನ್ನ ಮಟ್ಟಿಗೆ ಇದೇ ಮುಖ್ಯ ಪರೀಕ್ಷೆ. ಬಳಸುವವರೇ ಹೋಗಬೇಕು, ತಮ್ಮದೇ ಶೂ ಹಾಕಿಕೊಂಡು ಹತ್ತಬೇಕು, ಹತ್ತು ನಿಮಿಷ ಸಂಕೋಚವಿಲ್ಲದೆ ನಡೆಯಬೇಕು. ಹಿಡಿಯ ಮೇಲೆ ಕೈ ಬರೀ ತಾಗಿರುವಾಗ ಬೆಲ್ಟು ಒಂದೇ ಸಮನೆ ಸಾಗಿದರೆ ಆ ಯಂತ್ರ ನಿಮ್ಮದು. ಮೈಭಾರವನ್ನೆಲ್ಲ ಹಿಡಿಯ ಮೇಲೆ ಹಾಕಿ ನಡೆದರೆ ಕಾಲಿಗೆ ಸಿಗಬೇಕಾದ ವ್ಯಾಯಾಮ ಸಿಗದು, ಬದಲಿಗೆ ಕತ್ತು, ಹೆಗಲು ಹಿಡಿದುಕೊಳ್ಳುತ್ತವೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬಳಸುವುದಾದರೆ ಇಬ್ಬರೂ ಹತ್ತಿ ನೋಡಿ, ತೂಕ ಕಡಿಮೆ ಇರುವವರ ಮಾತಿಗೆ ಬೆಲೆ ಕೊಡಿ.

ಬೆಲ್ಟಿನ ಸರಾಗ ಓಟ ಎಲ್ಲಿಂದ ಬರುತ್ತದೆ? ಎರಡು ಕಡೆಯಿಂದ. ಒಂದು, ಬೆಲ್ಟಿನ ಕೆಳಗೆ ಏನಿದೆ ಎಂಬುದರಿಂದ. ಕೆಲವು ಯಂತ್ರಗಳಲ್ಲಿ ನುಣುಪಾದ ಹಲಗೆಯಿರುತ್ತದೆ, ಕೆಲವದರಲ್ಲಿ ಒತ್ತೊತ್ತಾಗಿ ಜೋಡಿಸಿದ ರೋಲರುಗಳಿರುತ್ತವೆ. ರೋಲರಿನದು ಹಗುರಾಗಿ ಓಡುತ್ತದೆ, ಕಡಿಮೆ ಏರಿನಲ್ಲೂ ಸಾಗುತ್ತದೆ. ಆದರೆ ಸದ್ದು ಜೋರು, ಅಂಗಾಲಿಗೆ ಉಬ್ಬುತಗ್ಗು ತಾಗುತ್ತದೆ, ಬೇರಿಂಗು ಹೋದರೆ ಒಂದೊಂದೇ ರೋಲರು ಕಿರುಗುಟ್ಟಲು ಶುರುಮಾಡುತ್ತದೆ. ಪಾದಗಳಲ್ಲಿ ಸ್ಪರ್ಶ ಕಡಿಮೆಯಾದ ಸಕ್ಕರೆ ಕಾಯಿಲೆಯವರಿಗೆ ರೋಲರಿನದು ಬೇಡ. ಎರಡನೆಯದು ಫ್ಲೈವೀಲು. ಮುಂದಿನ ರೋಲರಿನ ಎರಡೂ ತುದಿಗೆ ಸಿಕ್ಕಿಸಿದ ಭಾರವಾದ ಕಬ್ಬಿಣದ ಚಕ್ರ ಅದು. ಒಂದು ಹೆಜ್ಜೆಯ ಬಲವನ್ನು ಹಿಡಿದಿಟ್ಟುಕೊಂಡು ಮುಂದಿನ ಹೆಜ್ಜೆ ಬೀಳುವ ತನಕ ಬೆಲ್ಟನ್ನು ಓಡಿಸುತ್ತಿರುತ್ತದೆ. ಎರಡು ಕಡೆಯೂ ಇದೆಯೇ, ಭಾರವಾಗಿದೆಯೇ ನೋಡಿ. ಕೈಯಿಂದ ಬೆಲ್ಟನ್ನು ಒಮ್ಮೆ ಜೋರಾಗಿ ಎಳೆದು ಬಿಡಿ. ತಕ್ಷಣ ನಿಂತರೆ ಫ್ಲೈವೀಲು ಹೆಸರಿಗಷ್ಟೇ ಎಂದರ್ಥ.

ಬೆಲ್ಟಿನ ಅಗಲ 40 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಪಾದಗಳನ್ನು ಒಂದರ ಮುಂದೊಂದು ಜೋಡಿಸಿ ನಡೆಯುವ ಅಭ್ಯಾಸವಾಗುತ್ತದೆ, ಸೊಂಟಕ್ಕೆ ಒಳ್ಳೆಯದಲ್ಲ. ಉದ್ದದ ಬಗ್ಗೆ ಎತ್ತರದವರು ಹೆಚ್ಚು ಎಚ್ಚರ ವಹಿಸಬೇಕು. ಕಡಿಮೆ ಬೆಲೆಯವು ಒಂದು ಮೀಟರಿನ ಆಸುಪಾಸಿನಲ್ಲಿರುತ್ತವೆ, ಆರಡಿ ಆಳಿನ ಹಿಂದಿನ ಕಾಲು ಬೆಲ್ಟಿನಾಚೆ ಬೀಳಬಹುದು. ಯಂತ್ರ ಹಗುರಾಗಿದ್ದರೆ ಮಡಚಿ ಸರಿಸಲು ಸುಲಭ, ಆದರೆ ನೂಕಿದಾಗ ಅದೇ ನೆಲದ ಮೇಲೆ ಜರುಗುತ್ತದೆ. ಭಾರವಾದದ್ದೇ ಒಳ್ಳೆಯದು. ಏರನ್ನು ಎರಡು ಮೂರು ಹಂತಗಳಲ್ಲಿ ಬದಲಿಸುವ ಅನುಕೂಲವಿದ್ದರೆ ಅದಕ್ಕಾಗಿ ಸಾವಿರ ಎರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಮಾರುಕಟ್ಟೆಯಲ್ಲಿ "ಫೋರ್ ಇನ್ ಒನ್" ಎಂಬ ಮಾಲು ಬಹಳ ಓಡುತ್ತದೆ. ಒಂದೇ ಚೌಕಟ್ಟಿನಲ್ಲಿ ಟ್ರೆಡ್‌ಮಿಲ್, ಪಕ್ಕದಲ್ಲಿ ಸೊಂಟ ತಿರುಗಿಸುವ ಟ್ವಿಸ್ಟರ್, ಸ್ಟೆಪ್ಪರ್, ಪುಷ್‌ಅಪ್ ಬಾರ್. ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಅಷ್ಟೇ ಬೆಲೆಯಲ್ಲಿ ನಾಲ್ಕು ವಸ್ತು ಕೊಡಬೇಕಾದಾಗ ಬೆಲ್ಟಿನ ಅಗಲ, ಚೌಕಟ್ಟಿನ ದಪ್ಪ, ಫ್ಲೈವೀಲಿನ ತೂಕ ಇವುಗಳಲ್ಲೇ ಕಡಿತವಾಗುತ್ತದೆ. ಮೇಲಾಗಿ ಸೊಂಟ ನೋವು, ಡಿಸ್ಕಿನ ತೊಂದರೆ ಇರುವ ನಡುವಯಸ್ಸಿನವರು ನಿಂತ ತಟ್ಟೆಯ ಮೇಲೆ ರಭಸದಿಂದ ಸೊಂಟ ತಿರುಗಿಸಿದರೆ ನೋವು ಹೆಚ್ಚುತ್ತದೆ. ಹೊಟ್ಟೆಯ ಕೊಬ್ಬು ಅದರಿಂದ ಕರಗುವುದೂ ಇಲ್ಲ. ಪೆನ್ಸಿಲ್ ಸೆಲ್ಲಿನಿಂದ ನಡೆಯುವ ಚಿಕ್ಕ ಮೀಟರು ಎಲ್ಲದರಲ್ಲೂ ಇರುತ್ತದೆ. ಸಮಯ, ದೂರ ನೋಡಿಕೊಳ್ಳಲು ಸಾಕು. ಅದು ತೋರಿಸುವ ಕ್ಯಾಲೊರಿಯನ್ನು ನಂಬಬೇಡಿ, ನಿಮ್ಮ ತೂಕ ಎಷ್ಟೆಂದು ಅದಕ್ಕೆ ಗೊತ್ತೇ ಇರುವುದಿಲ್ಲ. ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು. ಸಾಧಾರಣ ಶ್ರಮಕ್ಕೆ ಅದೇ ಅಳತೆ. ಮಧ್ಯದಲ್ಲಿ ತಗ್ಗಿ ಎರಡೂ ತುದಿ ಮೇಲೆದ್ದ, ಬಾಗಿದ ಹಲಗೆಯ ಮ್ಯಾನ್ಯುವಲ್ ಟ್ರೆಡ್‌ಮಿಲ್‌ಗಳೂ ಇವೆ. ಕ್ರೀಡಾಪಟುಗಳ ಜಿಮ್ಮಿನಲ್ಲಿ ಕಾಣುತ್ತೀರಿ. ಒಳ್ಳೆಯ ಯಂತ್ರಗಳು, ಆದರೆ ಬೆಲೆ ಲಕ್ಷದ ಲೆಕ್ಕದಲ್ಲಿ, ಅದೂ ಓಡುವವರಿಗಾಗಿ ಮಾಡಿದವು. ನಡೆಯುವವರಿಗೆ ಬೇಕಿಲ್ಲ.

ಮನೆಗೆ ತಂದ ಮೇಲೆ ಎಲ್ಲಿ ಇಡುತ್ತೀರಿ ಎಂಬುದೂ ಮುಖ್ಯ. ಹಲಗೆಯನ್ನು ಸಾಮಾನ್ಯವಾಗಿ ಮರದ ಪುಡಿ ಒತ್ತಿ ಮಾಡಿರುತ್ತಾರೆ. ಮಲೆನಾಡಿನ ಆಷಾಢದ ತೇವಕ್ಕೆ ಅದು ಉಬ್ಬುತ್ತದೆ, ಉಬ್ಬಿದ ಹಲಗೆಗೆ ಬೆಲ್ಟು ಕಚ್ಚಿಕೊಳ್ಳುತ್ತದೆ. ಇರಚಲು ಹೊಡೆಯುವ ಜಗಲಿಯ ತುದಿ ಬೇಡ, ಬಚ್ಚಲಿನ ಪಕ್ಕದ ಕೋಣೆ ಬೇಡ. ನಟ್ಟು ಬೋಲ್ಟು ತುಕ್ಕು ಹಿಡಿಯದಂತೆ ಮಳೆಗಾಲಕ್ಕೆ ಮೊದಲು ಒಮ್ಮೆ ಒರೆಸಿ ಗ್ರೀಸು ಹಚ್ಚಿ. ಬೆಲ್ಟಿಗೆ ಎಣ್ಣೆ ಹಾಕುವಾಗ ಮಾತ್ರ ಎಚ್ಚರ. ಬೆಲ್ಟು ಬಿಗಿಯಾಯಿತೆಂದು ಕೈಗೆ ಸಿಕ್ಕ ಕೊಬ್ಬರಿ ಎಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ಬಿಟ್ಟವರ ಮನೆಯಲ್ಲಿ ಬೆಲ್ಟು ಧೂಳು ಹೀರಿ ಜಿಡ್ಡುಗಟ್ಟಿದ್ದನ್ನು ಕಂಡಿದ್ದೇನೆ. ಇದಕ್ಕೆಂದೇ ಸಿಲಿಕೋನ್ ಎಣ್ಣೆ ಸಿಗುತ್ತದೆ. ಬೆಲ್ಟನ್ನು ಪಕ್ಕದಿಂದ ಸ್ವಲ್ಪ ಎತ್ತಿ, ಹಲಗೆಯ ನಡುಭಾಗಕ್ಕೆ ಕೆಲವೇ ಹನಿ ಬಿಟ್ಟು, ಎರಡು ನಿಮಿಷ ನಿಧಾನ ನಡೆದರೆ ಹರಡಿಕೊಳ್ಳುತ್ತದೆ. ಬೆಲ್ಟಿನ ಮೇಲ್ಭಾಗಕ್ಕೆ ತಾಗಬಾರದು, ಕಾಲು ಜಾರುತ್ತದೆ. ಬೆಲ್ಟು ಎಡಕ್ಕೆ ಸರಿದಿದ್ದರೆ ಹಿಂಬದಿಯ ಎಡಗಡೆ ಬೋಲ್ಟನ್ನು ಅಲೆನ್ ಕೀಯಿಂದ ಕಾಲು ಸುತ್ತು ಬಿಗಿ ಮಾಡಿ, ನಡೆದು ನೋಡಿ. ಬಲಕ್ಕೆ ಸರಿದಿದ್ದರೆ ಬಲಗಡೆಯದು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ.

ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಮಾತು. ಅಮೆರಿಕದಲ್ಲಿ 2021ರಲ್ಲಿ ಒಂದು ಜಾತಿಯ ಮೋಟಾರು ಟ್ರೆಡ್‌ಮಿಲ್‌ಗಳನ್ನು, ಸುಮಾರು 1.25 ಲಕ್ಷ ಯಂತ್ರಗಳನ್ನು, ಕಂಪನಿ ವಾಪಸು ಕರೆಸಿಕೊಳ್ಳಬೇಕಾಯಿತು. ಓಡುತ್ತಿದ್ದ ಬೆಲ್ಟು ಹಿಂಬದಿಯಿಂದ ಒಳಗೆಳೆದುಕೊಂಡು ಒಂದು ಮಗು ಸತ್ತಿತ್ತು, ಹಲವರಿಗೆ ಗಾಯವಾಗಿತ್ತು. ನಾವು ಇಳಿದರೆ ತಾನೂ ನಿಲ್ಲುವ ಮ್ಯಾನ್ಯುವಲ್ ಯಂತ್ರದಲ್ಲಿ ಆ ಅಪಾಯ ಬಹಳ ಕಡಿಮೆ. ಇದು ಅದರ ದೊಡ್ಡ ಗುಣ. ಹಾಗೆಂದು ಬೆರಳು ಸಿಕ್ಕುವ ಸಂದುಗಳಿಲ್ಲವೆಂದಲ್ಲ. ಫ್ಲೈವೀಲಿನ ಮೇಲೆ ಮುಚ್ಚಳವಿದೆಯೇ ನೋಡಿಯೇ ಕೊಳ್ಳಿ. ಬಳಸದಾಗ ಮಡಚಿ, ಕೊಕ್ಕೆ ಹಾಕಿ ಗೋಡೆಗೆ ಒರಗಿಸಿ. ಇನ್ನು ಹೆಣ್ಣುಮಕ್ಕಳು ನೈಟಿ, ಸೀರೆಯಲ್ಲೇ ಹತ್ತಿಬಿಡುತ್ತಾರೆ. ಅಂಚು ರೋಲರಿಗೆ ಸಿಕ್ಕಿದರೆ ಮುಗ್ಗರಿಸಿ ಬೀಳುವುದು ಖಂಡಿತ. ಚೂಡಿದಾರ ಹಾಕಿಕೊಳ್ಳಿ, ದುಪಟ್ಟಾ ತೆಗೆದಿಡಿ. ಬರಿಗಾಲಿನಲ್ಲಿ ಬೇಡವೇ ಬೇಡ. ಬೆಲ್ಟಿನ ಉಜ್ಜುವಿಕೆಗೆ ಹಿಮ್ಮಡಿ ಬಿಸಿಯಾಗಿ ಬೊಕ್ಕೆ ಏಳುತ್ತದೆ, ಸಕ್ಕರೆ ಕಾಯಿಲೆಯವರಿಗೆ ಅಂಥ ಒಂದು ಬೊಕ್ಕೆ ತಿಂಗಳುಗಟ್ಟಲೆ ಮಾಯದ ಹುಣ್ಣಾದೀತು.

ಹಳೆಯ ಯಂತ್ರವೇ ಸಿಕ್ಕರೆ? ಒಳ್ಳೆಯದೇ. ಹುಮ್ಮಸ್ಸಿನಲ್ಲಿ ಕೊಂಡು, ಎರಡು ತಿಂಗಳಿಗೆ ಬಟ್ಟೆ ಒಣಹಾಕಲು ಬಿಟ್ಟವರ ಮನೆಗಳಲ್ಲಿ ಹೊಸದರಂತೆಯೇ ಇರುವ ಯಂತ್ರಗಳು ಅರ್ಧ ಬೆಲೆಗೆ ಸಿಗುತ್ತವೆ. ಮೋಟಾರಿಲ್ಲ, ಸರ್ಕ್ಯೂಟಿಲ್ಲ, ಕೆಡುವ ಭಾಗಗಳೇ ಕಡಿಮೆ. ಬೆಲ್ಟಿನ ಅಂಚು ಹರಿದಿದೆಯೇ, ಹಲಗೆಯ ನಡುವೆ ಸವೆದು ಗುಳಿ ಬಿದ್ದಿದೆಯೇ, ಬೆರಳಿನಿಂದ ರೋಲರು ತಿರುಗಿಸಿದರೆ ಕರಕರ ಎನ್ನುತ್ತದೆಯೇ ನೋಡಿ. ಹೊಸದು ಕೊಳ್ಳುವುದಾದರೆ ಬೆಲ್ಟು ಮತ್ತು ರೋಲರು ಬಿಡಿಯಾಗಿ ಸಿಗುತ್ತವೆಯೇ, ಎಷ್ಟು ದಿನದಲ್ಲಿ ಬರುತ್ತವೆ ಎಂದು ಕೇಳಿ, ಆ ಮಾತನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ತಂದ ಮೊದಲ ವಾರ ದಿನಕ್ಕೆ ಎರಡು ಸಲ, ಸಲಕ್ಕೆ ಐದೇ ನಿಮಿಷ. ಇಳಿದ ಮೇಲೆ ಗೋಡೆಗೆ ಕೈಯೂರಿ, ಹಿಮ್ಮಡಿ ನೆಲಕ್ಕೊತ್ತಿ ಮೀನಖಂಡ ಎಳೆದುಕೊಳ್ಳಿ, ಒಂದೊಂದು ಕಾಲಿಗೆ ಅರ್ಧ ನಿಮಿಷ. ಎರಡನೆಯ ವಾರ ಸಲಕ್ಕೆ ಎರಡೆರಡು ನಿಮಿಷ ಹೆಚ್ಚಿಸಿ. ಎದೆ ಬಿಗಿದರೆ, ದವಡೆಗೋ ಎಡತೋಳಿಗೋ ನೋವು ಇಳಿದರೆ, ಕಣ್ಣು ಕತ್ತಲಿಟ್ಟರೆ ಆ ಕ್ಷಣವೇ ನಿಲ್ಲಿಸಿ, ಪಕ್ಕದಲ್ಲಿ ಕುಳಿತು, ಮನೆಯವರನ್ನು ಕರೆದು ಆಸ್ಪತ್ರೆಗೆ ಹೊರಡಿ. ಜೂನ್ ಬರುವುದರೊಳಗೆ ಹದಿನೈದು ನಿಮಿಷ ಸಲೀಸಾಗಿ ನಡೆಯುವಂತಾಗಬೇಕಾದರೆ ಏಪ್ರಿಲ್‌ನಲ್ಲೇ ಕೊಳ್ಳಿ. ಮಳೆಗಾಲ ಶುರುವಾದ ಮೇಲೆ ಘಾಟಿ ರಸ್ತೆಯಲ್ಲಿ ಸಾಗಣೆಯೂ ತಡವಾಗುತ್ತದೆ.